ಸೋತಿದ್ದು ಟೀಮು, ಮನೆಗೆ ಹೋಗಿದ್ದು ಕೋಚ್

ಕಾರವಾರದಲ್ಲಿ ನಮ್ಮದೊಂದು ಫುಟ್‌ಬಾಲ್ ಗೆಳೆಯರ ವಾಟ್ಸಾಪ್ ಗ್ರೂಪ್ ಇದೆ. ಬೆಂಗಳೂರು ಎಫ್‌ಸಿಯವರು ಅರ್ಧ, ಎಫ್‌ಸಿ ಗೋವಾದವರು ಅರ್ಧ. ಇಂಗ್ಲೆಂಡಿನ ಟೀಮುಗಳಿಗೆ ಪ್ರಾಣ ಬಿಡುವವರೂ ಇದ್ದಾರೆ. ಯಾವ ಟೀಮ್ ಸಾಲಾಗಿ ಮೂರು ಪಂದ್ಯ ಸೋತರೂ ಗ್ರೂಪಿನಲ್ಲಿ ಬರುವ ಮೊದಲ ಮಾತು ಒಂದೇ. "ಆ ಕೋಚ್‌ನ ಮೊದಲು ಓಡಿಸ್ಬೇಕು ಮಾರಾಯ." ಮೊನ್ನೆಯೂ ಇದೇ ಮಾತು ಬಂತು. ಅಲ್ಲಿ ಎರಡು ಸಾಲಲ್ಲಿ ಉತ್ತರ ಹಾಕಿದರೆ ಜಗಳ ಆಗುತ್ತದೆ. ಅದಕ್ಕೆ ಇಲ್ಲಿ ಉದ್ದಕ್ಕೆ ಬರೆಯುತ್ತಿದ್ದೇನೆ.

ನನ್ನ ಮಾತು ಇಷ್ಟು. ಫುಟ್‌ಬಾಲ್‌ನಲ್ಲಿ ಕೋಚ್ ತಲೆದಂಡ ಬಹಳ ಸಲ ಬೇರೆಯವರ ತಪ್ಪು ಮುಚ್ಚಲು ಆಗುತ್ತದೆ. ಆಟಗಾರರನ್ನು ಕೊಂಡವರು ಯಾರೋ. ದುಡ್ಡಿನ ಲೆಕ್ಕ ಹಿಡಿದವರು ಇನ್ಯಾರೋ. ಸೋತ ದಿನ ಮೈಕ್ ಮುಂದೆ ಕೂತು ಉತ್ತರ ಕೊಡಬೇಕಾದವನು ಮಾತ್ರ ಇವನೊಬ್ಬ.

2023ರ ಮಾರ್ಚ್ 18 ನೆನಪಿದೆಯಾ? ಮಡಗಾಂವ್ ಪಕ್ಕದ ಫತೋರ್ಡಾದಲ್ಲಿ ಐಎಸ್ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್. ಬೆಂಗಳೂರು ಎಫ್‌ಸಿ ಮತ್ತು ಎಟಿಕೆ ಮೋಹನ್ ಬಾಗಾನ್. ನಮಗೆ ಬೆಂಗಳೂರಿಗಿಂತ ಫತೋರ್ಡಾ ಎಷ್ಟೋ ಹತ್ತಿರ. ಮಾಜಾಳಿ ಗೇಟ್ ದಾಟಿ ಕಾಣಕೋಣದ ಘಾಟಿ ಇಳಿದರೆ ಮುಗಿಯಿತು. ಹಾಗಾಗಿ ನಾವೂ ಹೋಗಿದ್ದೆವು. ಪಂದ್ಯ 2-2 ಆಗಿ ಪೆನಾಲ್ಟಿಗೆ ಹೋಯಿತು. ನಮ್ಮ ಸಾಲಿನಲ್ಲಿ ಒಬ್ಬರೂ ಕೂತಿರಲಿಲ್ಲ. ಪಾಬ್ಲೊ ಪೆರೆಜ್ ಪೆನಾಲ್ಟಿ ತಪ್ಪಿದಾಗ ಮುಗಿದೇ ಹೋಯಿತು. 4-3ಕ್ಕೆ ಕೋಲ್ಕತ್ತಾದವರು ಕಪ್ ಎತ್ತಿದರು.

ಆ ದಿನ ಸೋತ ಕೋಚ್ ಸೈಮನ್ ಗ್ರೇಸನ್. ಗೆದ್ದ ಕೋಚ್ ಹುವಾನ್ ಫೆರಾಂಡೊ. ಗ್ರೇಸನ್ ಬಂದ ಮೊದಲ ವರ್ಷವೇ ಬೆಂಗಳೂರಿಗೆ ಡ್ಯುರಾಂಡ್ ಕಪ್ ಗೆದ್ದುಕೊಟ್ಟವರು. ಲೀಗಿನಲ್ಲಿ ತಳದ ಹತ್ತಿರ ಹೋಗಿದ್ದ ಟೀಮನ್ನು ಸಾಲಾಗಿ ಎಂಟು ಪಂದ್ಯ ಗೆಲ್ಲಿಸಿ ಫೈನಲ್ ತನಕ ತಂದವರು. ಅದೇ ಡಿಸೆಂಬರಿನಲ್ಲಿ ಅವರನ್ನು ಮನೆಗೆ ಕಳಿಸಿದರು. ಸೋತವರಲ್ವಾ, ಹೋಗಲಿ ಅನ್ನಬಹುದು. ಗೆದ್ದ ಫೆರಾಂಡೊ ಕಥೆ ಏನಾಯಿತು? ಐಎಸ್ಎಲ್ ಕಪ್ ಆದ ಮೇಲೆ ಸೆಪ್ಟೆಂಬರಿನಲ್ಲಿ ಡ್ಯುರಾಂಡ್ ಕಪ್ಪನ್ನೂ ಗೆದ್ದರು. 2024ರ ಜನವರಿ ಶುರುವಾಗುವಷ್ಟರಲ್ಲಿ ಅವರದ್ದೂ ಕೆಲಸ ಹೋಯಿತು. ಒಂದು ಫೈನಲ್, ಎರಡು ಬೆಂಚು. ಹತ್ತು ತಿಂಗಳಲ್ಲಿ ಎರಡೂ ಬೆಂಚಿನ ಯಜಮಾನರು ಇಲ್ಲ. ಸೋತರೂ ಅಷ್ಟೇ, ಗೆದ್ದರೂ ಅಷ್ಟೇ ಅಂದಮೇಲೆ ಒಬ್ಬ ಕೋಚ್ ಯಾವ ಧೈರ್ಯದ ಮೇಲೆ ಹದಿನೆಂಟು ವರ್ಷದ ಹುಡುಗನನ್ನು ಮೈದಾನಕ್ಕೆ ಇಳಿಸುತ್ತಾನೆ ಹೇಳಿ. ಹುಡುಗ ಮೂರು ಪಂದ್ಯ ತಪ್ಪು ಮಾಡಿ ನಾಲ್ಕನೆಯದರಲ್ಲಿ ಕಲಿಯುತ್ತಾನೆ. ನಾಲ್ಕನೆಯ ಪಂದ್ಯಕ್ಕೆ ಕೋಚ್ ಇರುವುದೇ ಖಾತ್ರಿ ಇಲ್ಲ. ಅದಕ್ಕೇ ಹಳೆಯ ಹೆಸರುಗಳನ್ನೇ ಆಡಿಸುತ್ತಾರೆ. ನಮ್ಮ ಹುಡುಗರು ಬೆಂಚಿನಲ್ಲೇ ಉಳಿಯುತ್ತಾರೆ. ಭಾರತದ ಫುಟ್‌ಬಾಲ್‌ಗೆ ಇದರಿಂದ ಆಗುವ ನಷ್ಟ ಸಣ್ಣದಲ್ಲ.

ಕಾರ್ಲೆಸ್ ಕ್ವಾದ್ರಾತ್ ಅಂತ ಇನ್ನೊಬ್ಬರು. 2019ರಲ್ಲಿ ಬೆಂಗಳೂರಿಗೆ ಮೊದಲ ಐಎಸ್ಎಲ್ ಕಪ್ ತಂದವರು. ಎರಡು ವರ್ಷ ತುಂಬುವ ಮೊದಲೇ, 2021ರ ಜನವರಿಯಲ್ಲಿ, ಸೀಸನ್ ನಡುವೆ ಹೊರಟರು. ಆಮೇಲೆ ಈಸ್ಟ್ ಬೆಂಗಾಲ್ ಸೇರಿ 2024ರ ಜನವರಿಯಲ್ಲಿ ಸೂಪರ್ ಕಪ್ ಗೆದ್ದರು. ಹನ್ನೆರಡು ವರ್ಷ ದೇಶಮಟ್ಟದ ಕಪ್ ಕಾಣದ ಕ್ಲಬ್ ಅದು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಲೀಗಿನ ಮೊದಲ ಮೂರು ಪಂದ್ಯ ಸೋತರು. ಅಲ್ಲಿಗೆ ಅಲ್ಲಿನ ಅನ್ನದ ಋಣವೂ ಮುಗಿಯಿತು.

ಇಂಗ್ಲೆಂಡಿನ ಕಥೆ ಎಲ್ಲರಿಗೂ ಗೊತ್ತು, ಜಾಸ್ತಿ ಹೇಳುವುದಿಲ್ಲ. ಕ್ಲಾಡಿಯೊ ರಾನಿಯೇರಿ 2016ರಲ್ಲಿ ಲೆಸ್ಟರ್ ಅನ್ನೋ ಸಾಮಾನ್ಯ ಟೀಮನ್ನು ಪ್ರೀಮಿಯರ್ ಲೀಗ್ ಚಾಂಪಿಯನ್ ಮಾಡಿದರು. ಸೀಸನ್ ಶುರುವಾದಾಗ ಬೆಟ್ಟಿಂಗ್ ಅಂಗಡಿಯವರು ಅದಕ್ಕೆ ಒಂದಕ್ಕೆ ಐದು ಸಾವಿರ ಕೊಡುತ್ತೇವೆ ಅಂದಿದ್ದರು. ಗೆದ್ದ ಒಂಬತ್ತೇ ತಿಂಗಳಿಗೆ ರಾನಿಯೇರಿಯನ್ನು ತೆಗೆದರು. ರೊಬೆರ್ಟೊ ಡಿ ಮಟ್ಟೆಯೊ 2012ರ ಮೇ ತಿಂಗಳಲ್ಲಿ ಚೆಲ್ಸಿಗೆ ಯುರೋಪಿನ ಅತಿ ದೊಡ್ಡ ಕ್ಲಬ್ ಕಪ್ಪಾದ ಚಾಂಪಿಯನ್ಸ್ ಲೀಗನ್ನು ಮೊದಲ ಸಲ ಗೆದ್ದುಕೊಟ್ಟರು. ನವೆಂಬರಿನಲ್ಲಿ ಔಟ್.

ನನಗೆ ತುಂಬಾ ಬೇಜಾರಾಗಿದ್ದು ಆಂಜ್ ಪೋಸ್ಟೆಕೊಗ್ಲು ವಿಷಯದಲ್ಲಿ. ಟಾಟನ್‌ಹ್ಯಾಮ್ 2008ರಿಂದ ಒಂದು ಕಪ್ಪೂ ಗೆದ್ದಿರಲಿಲ್ಲ. 2025ರ ಮೇ 21ರಂದು ಬಿಲ್ಬಾವೊದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಸೋಲಿಸಿ ಯುರೋಪಾ ಲೀಗ್ ಗೆದ್ದರು. ಲೀಗಿನಲ್ಲಿ 17ನೇ ಸ್ಥಾನ, ಅದು ನಿಜ. ಆದರೂ ಜೂನ್ 6ಕ್ಕೆ ತೆಗೆದರು. ಸೆಪ್ಟೆಂಬರಿನಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕರೆಯಿತು. ಅಲ್ಲಿ ಬರೀ 39 ದಿನ. ಕೊನೆಯ ಪಂದ್ಯ ಚೆಲ್ಸಿ ಮೇಲೆ. 3-0 ಸೋಲು. ರೆಫರಿ ಸೀಟಿ ಊದಿ ಅರ್ಧ ಗಂಟೆ ಕೂಡ ಆಗಿರಲಿಲ್ಲ, ತೆಗೆದಿದ್ದೇವೆ ಅಂತ ಕ್ಲಬ್ ಪ್ರಕಟಣೆ ಬಂತು. ಬಟ್ಟೆ ಬದಲಾಯಿಸುವಷ್ಟು ಹೊತ್ತಾದರೂ ಕಾಯಬಾರದಿತ್ತಾ? ಅದೇ ಕ್ಲಬ್ ಅವರಿಗಿಂತ ಮೊದಲು ತೆಗೆದದ್ದು ನುನೊ ಅನ್ನೋ ಕೋಚನ್ನು. ಆ ನುನೊ ಹಿಂದಿನ ಸೀಸನ್ನಿನಲ್ಲಿ ಟೀಮನ್ನು ಏಳನೇ ಸ್ಥಾನಕ್ಕೆ ಏರಿಸಿ, ಎಷ್ಟೋ ವರ್ಷದ ಮೇಲೆ ಯುರೋಪ್ ಪಂದ್ಯಾವಳಿ ಆಡುವ ಹಾಗೆ ಮಾಡಿದ್ದರು.

"ಅವರಿಗೆ ಕೋಟಿಗಟ್ಟಲೆ ಪರಿಹಾರ ಸಿಗುತ್ತೆ, ನಿಂಗೇನು ಚಿಂತೆ?" ಅಂತ ಗ್ರೂಪಿನಲ್ಲಿ ಕೇಳುತ್ತಾರೆ. ದೊಡ್ಡ ಕ್ಲಬ್ಬಿನ ದೊಡ್ಡ ಹೆಸರಿಗೆ ಸಿಗುತ್ತದೆ, ನಿಜ. ಆದರೆ ಕೋಚ್ ಒಬ್ಬನೇ ಬರುವುದಿಲ್ಲ, ಒಬ್ಬನೇ ಹೋಗುವುದೂ ಇಲ್ಲ. ಅಸಿಸ್ಟೆಂಟ್ ಕೋಚ್, ಗೋಲ್‌ಕೀಪರ್ ಕೋಚ್, ಫಿಟ್‌ನೆಸ್ ನೋಡುವವನು, ವಿಡಿಯೊ ಕೂತು ನೋಡುವ ಹುಡುಗ, ಹೀಗೆ ಒಂದು ಗುಂಪೇ ಇರುತ್ತದೆ. ಬಹಳ ಸಲ ಆ ಗುಂಪೇ ಹೊರಗೆ ಬೀಳುತ್ತದೆ. ಅವರ ಹೆಸರು ಪೇಪರಿನಲ್ಲಿ ಬರುವುದಿಲ್ಲ. ಮಕ್ಕಳನ್ನು ಶಾಲೆಗೆ ಸೇರಿಸಿ ಆರು ತಿಂಗಳಿಗೆ ಊರು ಬಿಡುವ ಪರಿಸ್ಥಿತಿ ಅವರದ್ದು.

ಇಷ್ಟಕ್ಕೂ ಕೋಚ್ ಒಬ್ಬನನ್ನೇ ಯಾಕೆ ತೆಗೆಯುತ್ತಾರೆ? ಉತ್ತರ ಸುಲಭ. ಸೀಸನ್ ನಡುವೆ ಇಪ್ಪತ್ತೈದು ಆಟಗಾರರನ್ನು ಬದಲಾಯಿಸಲು ಆಗುವುದಿಲ್ಲ. ಟ್ರಾನ್ಸ್‌ಫರ್ ಕಿಟಕಿ, ಅಂದರೆ ಆಟಗಾರರನ್ನು ಕೊಳ್ಳುವ ಮಾರುವ ಅವಧಿ, ಮುಚ್ಚಿರುತ್ತದೆ. ಆಟಗಾರರ ಮೇಲೆ ಕ್ಲಬ್ ದುಡ್ಡು ಹಾಕಿದೆ, ಮಾರಿದರೆ ಬೆಲೆ ಬರುತ್ತದೆ. ಕೋಚ್‌ಗೆ ಆ ಬೆಲೆ ಇಲ್ಲ. ಮಾಲೀಕ ತನ್ನನ್ನು ತಾನು ತೆಗೆದುಕೊಳ್ಳುವುದಿಲ್ಲ. ಇನ್ನು ಉಳಿದವನು ಯಾರು? ಜೊತೆಗೆ ಈಗ ಬಹಳ ಕ್ಲಬ್ಬುಗಳಲ್ಲಿ ಆಟಗಾರರನ್ನು ಆರಿಸುವವರು ಸ್ಪೋರ್ಟಿಂಗ್ ಡೈರೆಕ್ಟರ್. ಕೋಚ್ ಓಡುವ ವಿಂಗರ್ ಕೇಳಿದರೆ ನಿಧಾನ ಆಡುವ ಮಿಡ್‌ಫೀಲ್ಡರ್ ಬಂದಿರುತ್ತಾನೆ. ಎತ್ತು ಏರಿಗೆ, ಕೋಣ ನೀರಿಗೆ. ಗಾಡಿ ಹೊಂಡಕ್ಕೆ ಬಿದ್ದ ದಿನ ಕೇಳುವುದು ಮಾತ್ರ ಗಾಡಿ ಹೊಡೆಯುವವನನ್ನು. ಪ್ರೀಮಿಯರ್ ಲೀಗಿನಿಂದ ಕೆಳಗಿನ ಲೀಗಿಗೆ ಬಿದ್ದರೆ ಟಿವಿ ದುಡ್ಡು ಕೋಟಿಗಟ್ಟಲೆ ಕಡಿಮೆಯಾಗುತ್ತದೆ. ಆ ಹೆದರಿಕೆಯಲ್ಲಿ ಏನೋ ಒಂದು ಮಾಡಿದ್ದೇವೆ ಅಂತ ತೋರಿಸಬೇಕು. ಅದಕ್ಕೆ ಸುಲಭದ ದಾರಿ ಇದು.

ಇದರಿಂದ ಟೀಮ್ ಸುಧಾರಿಸುತ್ತದಾ? ಬಾಸ್ ಟೆರ್ ವೀಲ್ ಅನ್ನೋ ಡಚ್ ಅರ್ಥಶಾಸ್ತ್ರಜ್ಞರು 1986ರಿಂದ 2004ರ ತನಕದ ನೆದರ್ಲೆಂಡ್ಸ್ ಲೀಗಿನ ಲೆಕ್ಕ ತೆಗೆದು ನೋಡಿದ್ದಾರೆ. ಸಾಲಾಗಿ ಸೋತು ಕೋಚ್ ಬದಲಾಯಿಸಿದ ಟೀಮುಗಳನ್ನೂ, ಹಾಗೇ ಸೋತು ಕೋಚ್ ಉಳಿಸಿಕೊಂಡ ಟೀಮುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಬದಲಾಯಿಸಿದವರಿಗೆ ಅಂತ ವಿಶೇಷ ಲಾಭವೇನೂ ಕಾಣಲಿಲ್ಲ. ತೀರಾ ಕೆಳಗೆ ಹೋದ ಟೀಮ್ ಹೇಗೂ ಸ್ವಲ್ಪ ಮೇಲೆ ಬರುತ್ತದೆ. ಹೊಸಬ ಆ ಹೊತ್ತಿಗೆ ಬಂದಿರುತ್ತಾನೆ, ಹೆಸರು ಅವನಿಗೆ ಹೋಗುತ್ತದೆ.

ಹಾಗಂತ ಯಾವ ಕೋಚನ್ನೂ ಯಾವತ್ತೂ ತೆಗೆಯಬಾರದು ಅಂತ ನಾನು ಹೇಳುವುದಿಲ್ಲ. 2021ರ ಜನವರಿಯಲ್ಲಿ ಚೆಲ್ಸಿ ಲ್ಯಾಂಪಾರ್ಡ್‌ರನ್ನು ತೆಗೆದು ಥಾಮಸ್ ಟುಕೆಲ್‌ರನ್ನು ತಂದಿತು. ಮೇ ತಿಂಗಳಲ್ಲಿ ಚಾಂಪಿಯನ್ಸ್ ಲೀಗ್ ಗೆದ್ದಿತು. ಆಸ್ಟನ್ ವಿಲ್ಲಾ 2022ರಲ್ಲಿ ಜೆರಾರ್ಡ್ ಬದಲು ಉನೈ ಎಮರಿಯನ್ನು ತಂದು ಚಾಂಪಿಯನ್ಸ್ ಲೀಗ್ ತನಕ ಹೋಯಿತು. ಕೆಲವು ಸಲ ಬದಲಾವಣೆ ಬೇಕೇ ಬೇಕು. ಆದರೆ ಎಮರಿ ಬಂದ ಮೇಲೆ ಏನಾಯಿತು ನೋಡಿ. ಅವರಿಗೆ ಸಮಯ ಕೊಟ್ಟರು, ಅವರ ಮಾತು ಕೇಳಿದರು. ಟುಕೆಲ್‌ರನ್ನು? ಕಪ್ ಗೆದ್ದು ಒಂದೂವರೆ ವರ್ಷ ತುಂಬುವ ಮೊದಲೇ ಹೊರಗೆ ಹಾಕಿದರು.

ಅಲೆಕ್ಸ್ ಫರ್ಗುಸನ್ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಬಂದದ್ದು 1986ರ ನವೆಂಬರಿನಲ್ಲಿ. ಮೊದಲ ಕಪ್ 1990ರಲ್ಲಿ. ಮೊದಲ ಲೀಗ್ 1993ರಲ್ಲಿ. ಈಗಿನ ಕಾಲ ಆಗಿದ್ದರೆ ಮೂರನೇ ವರ್ಷಕ್ಕೇ ಮನೆಗೆ ಕಳಿಸುತ್ತಿದ್ದರು, ಆಮೇಲಿನ 13 ಲೀಗ್ ಟೈಟಲ್ ಯಾರೂ ನೋಡುತ್ತಿರಲಿಲ್ಲ. ಅದು ಹಳೆಯ ಕಾಲ ಅನ್ನುವವರು ಅರ್ಟೆಟಾರನ್ನು ನೋಡಿ. ಆರ್ಸೆನಲ್‌ನಲ್ಲಿ ಮೊದಲ ಎರಡು ಸೀಸನ್ ಎಂಟನೇ ಸ್ಥಾನ. ನಮ್ಮ ಗ್ರೂಪಿನ ಆರ್ಸೆನಲ್ ಅಭಿಮಾನಿಗಳು ಆಗ ಅವರನ್ನು ಬೈದ ಬೈಗುಳ ನನ್ನ ಫೋನಿನಲ್ಲಿ ಈಗಲೂ ಇದೆ. ಕ್ಲಬ್ ತಡೆದುಕೊಂಡಿತು. ಆಮೇಲೆ 2023, 2024, 2025 ಮೂರೂ ವರ್ಷ ಎರಡನೇ ಸ್ಥಾನ.

ಇನ್ನು ನಮ್ಮ ದೇಶದ ಟೀಮು. 2023ರ ಅಕ್ಟೋಬರಿನಲ್ಲಿ ಇಗೊರ್ ಸ್ಟಿಮಾಕ್‌ಗೆ 2026ರ ತನಕ ಕಾಂಟ್ರ್ಯಾಕ್ಟ್ ಕೊಟ್ಟರು. 2024ರ ಜೂನಿನಲ್ಲಿ ಕಿತ್ತು ಹಾಕಿದರು. ಜಗಳ ಆಗಿ ನಾಲ್ಕು ಲಕ್ಷ ಡಾಲರ್ ಪರಿಹಾರ ಕೊಡಬೇಕಾಯಿತು. ಆ ದುಡ್ಡಲ್ಲಿ ನಮ್ಮ ಜಿಲ್ಲೆಯಂಥ ಎಷ್ಟು ಜಿಲ್ಲೆಗಳ ಮಕ್ಕಳಿಗೆ ಬಾಲು, ಬೂಟು, ಕೋಚ್ ಸಿಗುತ್ತಿತ್ತು! ಆಮೇಲೆ ಮನೊಲೊ ಮಾರ್ಕೆಜ್ ಬಂದರು. ಎಫ್‌ಸಿ ಗೋವಾವನ್ನೂ ನೋಡಿಕೊಳ್ಳುತ್ತಾ ದೇಶದ ಟೀಮನ್ನೂ ನೋಡಿಕೊಂಡರು. ಒಂದೇ ವರ್ಷಕ್ಕೆ ಹೊರಟರು. 2025ರ ಆಗಸ್ಟಿನಲ್ಲಿ ಖಾಲಿದ್ ಜಮೀಲ್ ಬಂದರು. 2017ರಲ್ಲಿ ಮಿಜೋರಾಮಿನ ಪುಟ್ಟ ಕ್ಲಬ್ ಐಜಾಲ್‌ಗೆ ಐ-ಲೀಗ್ ಗೆದ್ದುಕೊಟ್ಟ ಮನುಷ್ಯ. ಬಂದು ಎರಡೂವರೆ ತಿಂಗಳಿಗೆ, ಅಕ್ಟೋಬರ್ 14ರಂದು, ಇದೇ ಫತೋರ್ಡಾದಲ್ಲಿ ಸಿಂಗಾಪುರದ ಮೇಲೆ 2-1 ಸೋಲು. ಏಷ್ಯನ್ ಕಪ್ ದಾರಿ ಮುಚ್ಚಿತು. ಆ ರಾತ್ರಿಯೇ ಗ್ರೂಪಿನಲ್ಲಿ "ಖಾಲಿದ್ ಔಟ್". ಅಲ್ಲಪ್ಪಾ, ಬಾಂಗ್ಲಾದೇಶದ ಮೇಲೆ ಡ್ರಾ, ಹಾಂಕಾಂಗ್ ಮೇಲೆ ಸೋಲು ಆಗಿದ್ದು ಅವರು ಬರುವ ಮೊದಲೇ ಅಲ್ವಾ? ಗೋಲು ಹೊಡೆಯುವ ಸ್ಟ್ರೈಕರ್ ಸಿಗದೆ, ನಿವೃತ್ತಿ ಹೇಳಿದ್ದ ಸುನಿಲ್ ಛೆಟ್ರಿಯನ್ನು ನಲವತ್ತು ತುಂಬಿದ ಮೇಲೆ ವಾಪಸ್ ಕರೆದ ದೇಶ ನಮ್ಮದು. ಸ್ಟ್ರೈಕರ್ ತಯಾರಾಗುವುದು ಹನ್ನೆರಡು ವರ್ಷದ ವಯಸ್ಸಿನಿಂದ. ಎರಡೂವರೆ ತಿಂಗಳಲ್ಲಿ ಯಾರು ತಯಾರು ಮಾಡಿಕೊಡುತ್ತಾರೆ?

ಹನ್ನೆರಡು ವರ್ಷದ ಮಕ್ಕಳ ಮಾತು ಬಂದಿದ್ದಕ್ಕೆ ನಮ್ಮ ಊರ ಕಡೆಯದನ್ನೂ ಹೇಳಿಬಿಡುತ್ತೇನೆ. ಇಷ್ಟು ಬರೆಯಲು ನಿಜವಾದ ಕಾರಣ ಇದೇ.

ನಮ್ಮ ತಾಲೂಕಿನಲ್ಲಿ ಒಬ್ಬ ಮಾಸ್ತರರು ಮಕ್ಕಳಿಗೆ ಫುಟ್‌ಬಾಲ್ ಕಲಿಸುತ್ತಿದ್ದರು. ಒಂದು ಕ್ಲಬ್ಬಿನ ಪರವಾಗಿ. ಹೆಸರು ಬೇಡ. ತಿಂಗಳಿಗೆ ಸಣ್ಣ ಗೌರವಧನ, ಅದೂ ನೆನಪಾದಾಗ. ಮೈದಾನ ಸಿಗದ ದಿನ ಸಮುದ್ರದ ನೀರು ಇಳಿದ ಹೊತ್ತು ನೋಡಿ ಗಟ್ಟಿ ಮರಳಿನ ಮೇಲೆ ಪ್ರಾಕ್ಟೀಸ್. ಕೋನ್ ಇಲ್ಲ, ನೀರಿನ ಬಾಟಲಿಗೆ ಮರಳು ತುಂಬಿ ಸಾಲಾಗಿ ನಿಲ್ಲಿಸುತ್ತಿದ್ದರು. ಹರಿದ ಮೀನುಬಲೆ ಹೊಲಿದು ಮಾಡಿದ ಚೀಲದಲ್ಲಿ ಬಾಲುಗಳು. ಎಡಗಾಲಲ್ಲಿ ಒದೆಯಲು ಬಾರದ ಹುಡುಗನನ್ನು ಗೋಡೆ ಮುಂದೆ ನಿಲ್ಲಿಸಿ, ಬಲಗಾಲಿನ ಬೂಟು ಬಿಚ್ಚಿಸಿ, ಎಡಗಾಲಲ್ಲೇ ಒದೆಸುತ್ತಿದ್ದರು. ಬರಿಗಾಲಲ್ಲಿ ಒದೆಯಲು ನೋವಾಗುತ್ತಲ್ಲ, ಹುಡುಗ ತಾನಾಗಿ ಎಡಗಾಲು ಎತ್ತುತ್ತಿದ್ದ. ನಾನು ಸುಮ್ನೆ ನಿಂತು ನೋಡುತ್ತಿದ್ದೆ. ಎರಡು ತಿಂಗಳಲ್ಲಿ ಆ ಹುಡುಗ ಎಡಗಾಲಲ್ಲಿ ಕ್ರಾಸ್ ಹಾಕುವಂತಾದ.

ಒಂದು ಟೂರ್ನಮೆಂಟ್ ಸೆಮಿಫೈನಲ್‌ನಲ್ಲಿ ಅವರ ಮಕ್ಕಳು ಪೆನಾಲ್ಟಿಯಲ್ಲಿ ಸೋತರು. ಎದುರು ಟೀಮಿನ ಹುಡುಗರು ಇವರಿಗಿಂತ ಒಂದು ತಲೆ ಎತ್ತರ ಇದ್ದರು. ಅದನ್ನು ಯಾರೂ ಕೇಳಲಿಲ್ಲ. ಮರುದಿನ ಕಮಿಟಿಯವರಿಂದ ಒಂದು ಫೋನ್. ಬೇರೆಯವರನ್ನು ನೋಡಿದ್ದೇವೆ, ನಾಳೆಯಿಂದ ಬರುವುದು ಬೇಡ.

ನಾನು ಅವರ ಮನೆಗೆ ಹೋದಾಗ ಅಂಗಳದಲ್ಲಿ ಬಾಲು ತೊಳೆದು ಒಣಗಲು ಇಟ್ಟಿದ್ದರು. ಗಾಳಿ ಕಡಿಮೆ ಇದ್ದದ್ದಕ್ಕೆ ಪಂಪ್ ಹಾಕುತ್ತಿದ್ದರು. "ಇದೆಲ್ಲ ಈಗ ಯಾಕೆ ಮಾಸ್ತರ್ರೇ?" ಅಂದೆ. "ಬಾಲು ಕ್ಲಬ್ಬಿಂದು ತಮಾ. ವಾಪಸ್ ಕೊಡ್ಬೇಕಲ್ಲ" ಅಂದರು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಮಕ್ಕಳ ಹತ್ರ ನಾನೇ ಒಂದು ಮಾತು ಹೇಳಿ ಬರ್ತಿದ್ದೆ. ಅದಕ್ಕೂ ಬಿಡ್ಲಿಲ್ಲ" ಅಂದರು. ಎರಡು ತಿಂಗಳ ಗೌರವಧನ ಬಾಕಿ ಇತ್ತು. ಅದರ ಬಗ್ಗೆ ಅವರು ಮಾತೇ ಎತ್ತಲಿಲ್ಲ. ಪೆನಾಲ್ಟಿ ತಪ್ಪಿದ ಹುಡುಗ ಒಂದು ವಾರ ಪ್ರಾಕ್ಟೀಸಿಗೆ ಬರಲಿಲ್ಲವಂತೆ. ತನ್ನಿಂದಲೇ ಸರ್ ಕೆಲಸ ಹೋಯಿತು ಅಂತ ಮನೆಯಲ್ಲಿ ಅತ್ತನಂತೆ. ಹದಿಮೂರು ವರ್ಷದ ಮಗುವಿನ ತಲೆ ಮೇಲೆ ಇಂಥ ಭಾರ ಹಾಕಿದವರು ಯಾರು?

ಟಿವಿಯಲ್ಲಿ ನೋಡಿದ್ದನ್ನೇ ನಮ್ಮ ಕಮಿಟಿಗಳೂ ಕಲಿಯುತ್ತಿವೆ ಅಂತ ನನಗೆ ಅನಿಸುತ್ತದೆ. ಆದರೆ ಅಲ್ಲಿ ಕಾಂಟ್ರ್ಯಾಕ್ಟ್ ಇದೆ, ವಕೀಲರಿದ್ದಾರೆ, ಇಂಗ್ಲೆಂಡಿನಲ್ಲಿ ಮ್ಯಾನೇಜರುಗಳದ್ದೇ ಒಂದು ಸಂಘ ಇದೆ. ಇಲ್ಲಿ ಒಂದು ಚೀಟಿಯೂ ಇಲ್ಲ.

ಮಳೆ ಕಳೆದು ಮೈದಾನ ಒಣಗಿದ ಮೇಲೆ ನಮ್ಮ ಕಡೆ ಮತ್ತೆ ಟೂರ್ನಮೆಂಟುಗಳು ಶುರುವಾಗುತ್ತವೆ. ಕಾರವಾರ, ಅಂಕೋಲಾ, ಶಿರಸಿ, ಎಲ್ಲ ಕಡೆಯ ಕ್ಲಬ್ಬಿನವರು ಈ ಪೋಸ್ಟ್ ಓದುತ್ತೀರಿ ಅಂತ ಗೊತ್ತು. ಮಕ್ಕಳ ಕೋಚ್‌ಗೆ ಕನಿಷ್ಠ ಎರಡು ಸೀಸನ್ ಅಂತ ಒಂದು ಕಾಗದದಲ್ಲಿ ಬರೆದು ಸಹಿ ಮಾಡಿ ಕೊಡಿ. ಗೌರವಧನದ ಮೊತ್ತವನ್ನೂ ಅದರಲ್ಲೇ ಬರೆಯಿರಿ. ತೆಗೆಯಲೇಬೇಕು ಅಂತಾದರೆ ಎದುರು ಕೂರಿಸಿ ಕಾರಣ ಹೇಳಿ, ಬಾಕಿ ಚುಕ್ತಾ ಮಾಡಿ, ಮಕ್ಕಳಿಗೆ ಅವರೇ ವಿಷಯ ಹೇಳಲು ಒಂದು ಸಂಜೆ ಬಿಟ್ಟುಕೊಡಿ. ಎಷ್ಟು ಹುಡುಗರು ಎರಡೂ ಕಾಲಲ್ಲಿ ಒದೆಯಲು ಕಲಿತರು, ಎಷ್ಟು ಮಕ್ಕಳು ಆಟ ಬಿಡದೆ ಉಳಿದರು, ಇದನ್ನೂ ಲೆಕ್ಕಕ್ಕೆ ಹಿಡಿಯಿರಿ. ಕಾಗದ ಬರೆಯಲು ಸಹಾಯ ಬೇಕಿದ್ದರೆ ಇನ್‌ಬಾಕ್ಸಿಗೆ ಬನ್ನಿ, ನಾನು ಬರೆದುಕೊಡುತ್ತೇನೆ. ಆ ಮಾಸ್ತರರು ಈಗಲೂ ಖಾಲಿ ಇದ್ದಾರೆ. ಮಕ್ಕಳಿಗೆ ಕಲಿಸುವವರು ಬೇಕು ಅನ್ನುವ ಕ್ಲಬ್ ಇದ್ದರೆ ತಿಳಿಸಿ, ನಾನೇ ಕರೆದುಕೊಂಡು ಬರುತ್ತೇನೆ.