ಪರ–ವಿರೋಧ: ‘ಅನ್‌ಫರ್ಗಿವನ್’ ಬಂದೂಕಿನ ಮೋಹ ಬಿಡಿಸುತ್ತದೆಯೇ?

ಪರ: ಇಲ್ಲಿ ಸಾವಿಗೆ ತೂಕ ಇದೆ

ಕೌಬಾಯ್ ಸಿನಿಮಾಗಳಲ್ಲಿ ಗುಂಡು ತಿಂದವನು ಬೇಗ ಸಾಯುತ್ತಾನೆ. ಕುದುರೆಯಿಂದ ಉರುಳಿದ, ಮುಗೀತು. ಅವನ ಹೆಸರೂ ನಮಗೆ ಗೊತ್ತಿರುವುದಿಲ್ಲ. ಕ್ಲಿಂಟ್ ಈಸ್ಟ್‌ವುಡ್ 1992ರಲ್ಲಿ ಮಾಡಿದ ‘ಅನ್‌ಫರ್ಗಿವನ್’ನಲ್ಲಿ ಡೇವಿ ಎಂಬ ಹುಡುಗ ಸಾಯುವುದಕ್ಕೆ ತುಂಬಾ ಹೊತ್ತು ಹಿಡಿಯುತ್ತದೆ. ಮೊದಲ ಗುಂಡು ಕುದುರೆಗೆ ಬೀಳುತ್ತದೆ. ಅದರ ಕೆಳಗೆ ಹುಡುಗನ ಕಾಲು ಸಿಕ್ಕಿಕೊಳ್ಳುತ್ತದೆ. ಹೇಗೋ ಬಿಡಿಸಿಕೊಂಡು ತೆವಳುತ್ತಿರುವಾಗ ಹೊಟ್ಟೆಗೆ ಗುಂಡು. ಬಾಯಾರಿಕೆ, ನೀರು ಕೊಡಿ ಅಂತ ಕೂಗುತ್ತಾನೆ. ಗೆಳೆಯರು ಬಂಡೆ ಮರೆಯಿಂದ ಏಳುವುದಿಲ್ಲ. ಕೊನೆಗೆ ಗುಂಡು ಹೊಡೆದ ವಿಲಿಯಂ ಮನ್ನಿಯೇ, ಅಂದರೆ ಹಣಕ್ಕಾಗಿ ಕೊಲ್ಲಲು ಬಂದ ಹಳೆಯ ಬಂದೂಕುಗಾರನೇ (ಈಸ್ಟ್‌ವುಡ್‌ನದೇ ಪಾತ್ರ), ಬೆಟ್ಟದ ಮೇಲಿಂದ ಕೂಗುತ್ತಾನೆ, ಅವನಿಗೆ ನೀರು ಕೊಡಿ, ನಾವು ಹೊಡೆಯಲ್ಲ ಅಂತ. ಪಕ್ಕದಲ್ಲೇ ಗೆಳೆಯ ನೆಡ್ ಕೂತಿದ್ದಾನೆ. ರೈಫಲ್ ಅವನದೇ. ಆದರೆ ಇನ್ನೊಂದು ಗುಂಡು ಹೊಡೆಯಲು ಅವನಿಂದ ಆಗಿಲ್ಲ.

ಇಷ್ಟಕ್ಕೂ ಡೇವಿ ಮಾಡಿದ್ದೇನು? 1880ರ ಸುಮಾರಿನ ವಯೋಮಿಂಗ್. ಬಿಗ್ ವಿಸ್ಕಿ ಎಂಬ ಊರು. ಬಾರಿನಲ್ಲಿ ಮೈ ಮಾರಿ ಬದುಕುವ ಡೆಲೈಲಾಳ ಮುಖವನ್ನು ಮೈಕ್ ಎಂಬ ಕೌಬಾಯ್ ಚಾಕುವಿನಿಂದ ಸೀಳುತ್ತಾನೆ. ಡೇವಿ ಅವನ ಜೊತೆಗಿದ್ದವನು. ಶೆರಿಫ್ ಲಿಟ್ಲ್ ಬಿಲ್ ಕೊಡುವ ತೀರ್ಪು ಏನು ಗೊತ್ತಾ? ಬಾರ್ ಮಾಲೀಕನಿಗೆ ಏಳು ಕುದುರೆ ಪರಿಹಾರ. ಗಾಯ ಹೆಣ್ಣಿಗೆ, ಪರಿಹಾರ ಮಾಲೀಕನಿಗೆ. ಹೊಟ್ಟೆಯುರಿ ತಾಳಲಾರದೆ ಹೆಂಗಸರೆಲ್ಲ ಕೂಡಿಟ್ಟ ಕಾಸು ಸೇರಿಸಿ, ಇಬ್ಬರನ್ನೂ ಕೊಂದವರಿಗೆ ಸಾವಿರ ಡಾಲರ್ ಎನ್ನುತ್ತಾರೆ. ಅದಕ್ಕೆ ಬಲಿಯಾಗುವ ಮೊದಲಿಗ ಕಡಿಮೆ ತಪ್ಪು ಮಾಡಿದ ಹುಡುಗ. ಸೇಡು ಹೀಗೇ ಅಲ್ವಾ? ಅದಕ್ಕೆ ಲೆಕ್ಕ ಬರುವುದಿಲ್ಲ.

ಈ ಕಥೆ ಹೇಳುತ್ತಿರುವವನು ಯಾರು ಅನ್ನುವುದೂ ಮುಖ್ಯ. ಕಂಬಳಿ ಹೊದ್ದು, ಚುಟ್ಟಾ ಕಚ್ಚಿ, ಕಣ್ಣು ಕಿರಿದು ಮಾಡಿ ಗುಂಡು ಹಾರಿಸುತ್ತಲೇ ಹೆಸರು ಮಾಡಿದವನು ಈಸ್ಟ್‌ವುಡ್. ಡೇವಿಡ್ ವೆಬ್ ಪೀಪಲ್ಸ್ ಬರೆದ ಈ ಚಿತ್ರಕಥೆಯನ್ನು ತನಗೆ ವಯಸ್ಸಾಗುವವರೆಗೂ ಜೋಪಾನವಾಗಿ ಇಟ್ಟುಕೊಂಡಿದ್ದ. ಸಿನಿಮಾ ಬಂದಾಗ ಅವನಿಗೆ 62. ಅವನ ಮನ್ನಿ ಹಂದಿಗಳ ಜೊತೆ ಕೆಸರಲ್ಲಿ ಬೀಳುತ್ತಾನೆ, ಕುದುರೆ ಹತ್ತಲು ಒದ್ದಾಡುತ್ತಾನೆ, ಡಬ್ಬಿಗೆ ಗುರಿ ಇಟ್ಟರೂ ತಪ್ಪುತ್ತದೆ. ಹಳೆಯ ನಾಯಕನ ಪೊಗರನ್ನು ಅವನೇ ಇಳಿಸಿದ್ದಾನೆ.

ಮನ್ನಿ ಬಾರಿಗೆ ನುಗ್ಗಿ ಲಿಟ್ಲ್ ಬಿಲ್‌ನನ್ನೂ ಅವನ ಜನರನ್ನೂ ಕೊಲ್ಲುವ ಕೊನೆಯ ಗುಂಡಿನ ಕಾಳಗವನ್ನು ಹಿಡಿದು ಆಕ್ಷೇಪ ಎತ್ತುವವರಿದ್ದಾರೆ. ಅವರು ಬೋಶಾಂಪ್ ಎಂಬ ಬರಹಗಾರನನ್ನು ಗಮನಿಸಬೇಕು. ಬಂದೂಕುಗಾರರ ಶೌರ್ಯ ಬರೆದು ಪುಸ್ತಕ ಮಾರುವವನು. ಅವನ ಪುಸ್ತಕದಲ್ಲಿ ಇಂಗ್ಲಿಷ್ ಬಾಬ್ ಎಂಬ ಬಂದೂಕುಗಾರ ಹೆಣ್ಣಿನ ಮಾನ ಕಾಯಲು ಹೋರಾಡಿದ ವೀರ. ನಿಜದಲ್ಲಿ ಬಾಬ್ ಕುಡಿದಿದ್ದ, ಎದುರಾಳಿಯ ಬಂದೂಕು ಕೈಯಲ್ಲೇ ಸಿಡಿದಿತ್ತು. ಕೊನೆಯಲ್ಲಿ ಹೆಣಗಳ ನಡುವಿನಿಂದ ಎದ್ದು ಬೋಶಾಂಪ್ ಮನ್ನಿಯನ್ನು ಕೇಳುತ್ತಾನೆ, ಮೊದಲು ಯಾರನ್ನು ಹೊಡೆದಿರಿ? ಅದೃಷ್ಟ, ಅಷ್ಟೇ ಅನ್ನುತ್ತಾನೆ ಮನ್ನಿ. ನೆಲದ ಮೇಲೆ ಬಿದ್ದ ಲಿಟ್ಲ್ ಬಿಲ್, ನಾನು ಮನೆ ಕಟ್ಟುತ್ತಿದ್ದೆ ಅನ್ನುತ್ತಾನೆ. ಆ ಮನೆಯನ್ನು ನಾವು ನೋಡಿದ್ದೇವೆ. ಮಳೆ ಬಂದರೆ ಸೋರುವ ಮನೆ. ಕೆಳಗೆ ಪಾತ್ರೆ ಇಟ್ಟಿದ್ದ. ಜೀನ್ ಹ್ಯಾಕ್‌ಮನ್ ಈ ಪಾತ್ರಕ್ಕೆ ಆಸ್ಕರ್ ಪಡೆದರು. ಆ ಒಂದು ಮಾತಿಗೇ ಕೊಡಬಹುದಿತ್ತು. ದುಷ್ಟ ಸತ್ತ ಅಂತ ಚಪ್ಪಾಳೆ ತಟ್ಟಲು ಆ ಮಾತು ಕೇಳಿದ ಮೇಲೆ ನನಗೆ ಕೈ ಏಳಲಿಲ್ಲ.

ವಿರೋಧ: ಆದರೂ ನಾವು ನೆಟ್ಟಗೆ ಕೂರುತ್ತೇವೆ

ಈ ಸಿನಿಮಾವನ್ನು ಗೆಳೆಯರ ಜೊತೆ ಎರಡು ಮೂರು ಸಲ ನೋಡಿದ್ದೇನೆ. ಪ್ರತಿ ಸಲ ಒಂದೇ ಕಡೆ ಒಂದೇ ಥರ ಆಗುತ್ತದೆ. ಹೊರಗೆ ಗುಡುಗು, ಮಳೆ. ಬಾರಿನೊಳಗೆ ಗಲಾಟೆ. ಬಂದೂಕಿನ ನಳಿಗೆ ಮೊದಲು ಕಾಣುತ್ತದೆ, ಆಮೇಲೆ ಮನ್ನಿ. ಒರಗಿದ್ದವರೆಲ್ಲ ನೆಟ್ಟಗಾಗುತ್ತಾರೆ. ನಾನೂ ಸೇರಿದಂತೆ. ಅಷ್ಟು ಹೊತ್ತು ಕೊಲೆ ಎಂದರೆ ಹೊಲಸು ಎಂದು ಕಲಿಸಿದ ಸಿನಿಮಾ ಈಗ ನಾವು ಕಾಯುತ್ತಿದ್ದದ್ದನ್ನೇ ಬಡಿಸುತ್ತದೆ, ಬಹಳ ರುಚಿಯಾಗಿ ಬಡಿಸುತ್ತದೆ.

ಲೆಕ್ಕ ಹಾಕಿ. ಡಬ್ಬಿಗೆ ಹೊಡೆಯಲಾಗದವನು ಒಂದಿಷ್ಟು ವಿಸ್ಕಿ ಕುಡಿದು ಬಂದು ಐದು ಜನರನ್ನು ಮುಗಿಸುತ್ತಾನೆ. ಕೆಲವೇ ಅಡಿ ದೂರದಿಂದ ಅವನ ಮೇಲೆ ಹಾರಿದ ಗುಂಡು ಒಂದೂ ತಾಗುವುದಿಲ್ಲ. ಅದೃಷ್ಟ ಎಂದು ಅವನ ಬಾಯಲ್ಲಿ ಹೇಳಿಸಿದರೆ ಸಾಲದು. ಕಣ್ಣಿಗೆ ಕಾಣುವುದು ಹಳೆಯ ನಾಯಕನೇ. ಬೋಶಾಂಪ್‌ನನ್ನು ಗದರಿಸಿ ಹೊರಗೆ ಅಟ್ಟುತ್ತಾನೆ, ಸರಿ. ನಮ್ಮನ್ನು ಅಟ್ಟುವುದಿಲ್ಲವಲ್ಲ. ನಾವು ಕೂತು ಪೂರ್ತಿ ನೋಡುತ್ತೇವೆ.

ಈ ರೋಷಕ್ಕೆ ಸೌದೆ ಆಗುವವನು ನೆಡ್. ಕೊಲ್ಲಲಾರೆ ಎಂದು ಹಿಂದಿರುಗಿದವನೇ ಸಿಕ್ಕಿಬಿದ್ದು ಚಾವಟಿ ಏಟಿಗೆ ಸಾಯುತ್ತಾನೆ. ಅವನ ಹೆಣವನ್ನು ಬಾರಿನ ಮುಂದೆ ನಿಲ್ಲಿಸಿರುತ್ತಾರೆ. ಮಾರ್ಗನ್ ಫ್ರೀಮನ್ ಮಾಡಿದ ಪಾತ್ರ ಅದು. ಅಮೆರಿಕದಲ್ಲಿ ಗುಲಾಮಗಿರಿ ಕಾನೂನಿನಲ್ಲಿ ಕೊನೆಯಾದದ್ದು 1865ರಲ್ಲಿ. ಕಥೆ ನಡೆಯುವ ಹೊತ್ತಿಗೆ ಹದಿನೈದು ವರ್ಷ ಕಳೆದಿದೆ, ಅಷ್ಟೇ. ಬಿಳಿಯ ಶೆರಿಫ್ ಕಪ್ಪು ಮನುಷ್ಯನ ಬೆನ್ನಿಗೆ ಚಾವಟಿ ಬೀಸುತ್ತಾನೆ, ಊರಲ್ಲಿ ಒಬ್ಬನೂ ಅವನ ಬಣ್ಣದ ಮಾತೆತ್ತುವುದಿಲ್ಲ. ಇದನ್ನು ದೊಡ್ಡತನ ಅನ್ನುವವರಿದ್ದಾರೆ. ಅಮೆರಿಕದ ಪಶ್ಚಿಮದ ಬಗೆಗಿನ ಸುಳ್ಳುಗಳನ್ನು ಬಯಲು ಮಾಡಲು ಹೊರಟ ಸಿನಿಮಾ ಇಷ್ಟು ದೊಡ್ಡ ಸತ್ಯದ ಪಕ್ಕದಲ್ಲಿ ಸುಮ್ನೆ ಹಾದುಹೋಗುವುದು ನನಗೆ ನೋವು ಕೊಡುತ್ತದೆ. ನೆಡ್‌ನ ಮೂಲನಿವಾಸಿ ಹೆಂಡತಿ ಸ್ಯಾಲಿಗಂತೂ ಸಿಕ್ಕಿದ್ದು ಅಂಗಳದಲ್ಲಿ ನಿಂತು ಗಂಡ ಹೋಗುವುದನ್ನು ನೋಡುವ ಕೆಲಸ.

ಇನ್ನು ಡೆಲೈಲಾ. ಅವಳ ಗಾಯದಿಂದ ಕಥೆ ಶುರುವಾಯಿತು. ಡೇವಿ ತನ್ನ ಒಳ್ಳೆಯ ಕುದುರೆಯೊಂದನ್ನು ಮಾಲೀಕನಿಗೆ ಕೊಡದೆ ಅವಳಿಗಾಗಿ ತರುತ್ತಾನೆ. ಉಳಿದ ಹೆಂಗಸರು ಬೈದು ಅವನ ಮೇಲೆ ಕೆಸರು ಎರಚುತ್ತಾರೆ. ಅವರ ಸಿಟ್ಟು ನ್ಯಾಯವೇ. ಆದರೆ ಕ್ಯಾಮೆರಾ ಡೆಲೈಲಾಳ ಮುಖ ತೋರಿಸಿ ಸುಮ್ಮನಾಗುತ್ತದೆ. ನಿನಗೆ ಬೇಕಾ ಅಂತ ಅವಳನ್ನು ಯಾರೂ ಕೇಳುವುದಿಲ್ಲ. ಬೇಕು ಅಂದಿದ್ದರೆ? ಕ್ಷಮಿಸಿದ್ದರೆ? ಅಥವಾ ಅವಳೇ ಕುದುರೆಯನ್ನು ಓಡಿಸಿಬಿಟ್ಟಿದ್ದರೆ? ನಿಜವಾದ ಹೊಸ ಸಿನಿಮಾ ಆ ಬೀದಿಯಲ್ಲೇ ಇತ್ತು. ಈಸ್ಟ್‌ವುಡ್ ಅದನ್ನು ಬಿಟ್ಟು ಮನ್ನಿಯ ಹಿಂದೆ ಹೋದ.

ಕೊನೆಯಲ್ಲಿ ಪರದೆಯ ಮೇಲೆ ಕೆಲವು ಸಾಲು ಮೂಡುತ್ತವೆ. ಮನ್ನಿ ಮಕ್ಕಳ ಜೊತೆ ಊರು ಬಿಟ್ಟನಂತೆ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವ್ಯಾಪಾರ ಮಾಡಿ ಚೆನ್ನಾಗಿ ಬದುಕಿದನಂತೆ. ಡೆಲೈಲಾ ಏನಾದಳು? ಆ ಸಾಲುಗಳಲ್ಲಿ ಅವಳ ಹೆಸರಿಲ್ಲ.