ಸೆಕೆಗಾಲದ ಹಿತ್ತಿಲು ಮತ್ತು ನಮ್ಮ ಟೊಮೆಟೊ ಹುಚ್ಚು

ಮಾರ್ಚ್ ಬಂತೆಂದರೆ ಕರಾವಳಿಯ ಕುಮಟಾದ ನಮ್ಮ ಓಣಿಯಲ್ಲಿ ಮನೆಮನೆಯ ಹಿಂದೆ ಹಸಿರು ಶೇಡ್ ನೆಟ್‌ಗಳು ಏಳುತ್ತವೆ. ಅದರ ಕೆಳಗೆ ಗ್ರೋ ಬ್ಯಾಗು, ಗ್ರೋ ಬ್ಯಾಗಿನಲ್ಲಿ ಟೊಮೆಟೊ, ಟೊಮೆಟೊ ಬುಡಕ್ಕೆ ಹೊತ್ತು ಹೊತ್ತಿಗೂ ನೀರು. ಮೇ ತಿಂಗಳ ಹೊತ್ತಿಗೆ ಗಿಡವೇನೋ ಸೊಂಪಾಗಿ ನಿಂತಿರುತ್ತದೆ, ಕಾಯಿ ಮಾತ್ರ ಇರುವುದಿಲ್ಲ. ಆಗ ಎಲ್ಲರೂ ಬಿಸಿಲನ್ನು ಬೈಯುತ್ತಾರೆ. ನಾನು ಬಿಸಿಲಿನ ಪರ. ಈ ಊರಿನ ಬೇಸಿಗೆಗೆ ಒಗ್ಗದ ತರಕಾರಿಯನ್ನು ಆರಿಸಿಕೊಂಡವರು ನಾವು.

ಮೊಬೈಲಿನಲ್ಲಿ ನೋಡುವ ಕೈತೋಟದ ಪಾಠಗಳು ಹೆಚ್ಚಿನವು ಬೆಂಗಳೂರು, ಹುಬ್ಬಳ್ಳಿ ಕಡೆಯವು. ಅಲ್ಲಿ ಏಪ್ರಿಲ್‌ನಲ್ಲಿ ಹಗಲು ಎಷ್ಟೇ ಸುಟ್ಟರೂ ರಾತ್ರಿಯ ಗಾಳಿಗೆ ಗಿಡ ಚೇತರಿಸಿಕೊಳ್ಳುತ್ತದೆ. ನಮ್ಮಲ್ಲಿ ಹಗಲು 34 ಡಿಗ್ರಿಯ ಆಸುಪಾಸಿನಲ್ಲಿದ್ದರೆ ರಾತ್ರಿ 26ಕ್ಕಿಂತ ಕೆಳಗಿಳಿಯಲು ಹಟ ಮಾಡುತ್ತದೆ. ಟೊಮೆಟೊ ಹೂವಿಗೆ ಬೇಕಾದದ್ದೇ ತಂಪು ರಾತ್ರಿ. ರಾತ್ರಿಯ ಉಷ್ಣತೆ 24 ಡಿಗ್ರಿಗಿಂತ ಮೇಲೆಯೇ ಉಳಿದು, ಹಗಲು 35ರ ಹತ್ತಿರ ಸುಳಿದಾಡುತ್ತಿದ್ದರೆ ಪರಾಗ ಸತ್ವ ಕಳೆದುಕೊಳ್ಳುತ್ತದೆ. ಮೇಲಿಂದ ತೇವದ ಗಾಳಿ ಬೇರೆ. ಪರಾಗ ಅಂಟಂಟಾಗಿ ಕೂತು ಉದುರುವುದೂ ಇಲ್ಲ. ಕಾಯಿ ಕಟ್ಟದ ಹೂ ತೊಟ್ಟು ಕಳಚಿ ಬೀಳುತ್ತದೆ. ಶೇಡ್ ನೆಟ್ ಹಗಲಿನ ಬಿಸಿಲನ್ನು ತಡೆದೀತು, ರಾತ್ರಿಯ ಸೆಕೆಯನ್ನು ಹೇಗೆ ತಡೆಯುತ್ತದೆ? ಸಾಲದ್ದಕ್ಕೆ ನಾಲ್ಕೂ ಕಡೆ ಬಿಗಿದು ಕಟ್ಟಿ ಇದ್ದಬದ್ದ ಗಾಳಿಯನ್ನೂ ನಿಲ್ಲಿಸಿಬಿಡುತ್ತಾರೆ.

ಇನ್ನೊಂದು ಸಂಗತಿ. ಕರಾವಳಿಯಲ್ಲಿ ಸುಡುವ ಬಿಸಿಲು ಬರುವುದು ಮೇ ತಿಂಗಳಲ್ಲೇ ಎಂದೇನಿಲ್ಲ, ಎಷ್ಟೋ ವರ್ಷ ಫೆಬ್ರವರಿ ಕೊನೆ ಮತ್ತು ಮಾರ್ಚ್‌ನಲ್ಲೇ ಬರುತ್ತದೆ. ಆಗ ಘಟ್ಟದ ಕಡೆಯ ಒಣ ಮೂಡಣ ಗಾಳಿ ಜೋರಾಗಿದ್ದು ಕಡಲ ಗಾಳಿ ಒಳಗೆ ಬರಲು ಮಧ್ಯಾಹ್ನವಾಗುತ್ತದೆ. ಅಷ್ಟರಲ್ಲಿ ಕಾರವಾರ, ಅಂಕೋಲಾಗಳಲ್ಲಿ ಪಾದರಸ ಸರ್ರನೆ ಏರಿರುತ್ತದೆ. ಹವಾಮಾನ ಇಲಾಖೆಯವರು ಬಯಲುಸೀಮೆಗೆ ಬಿಸಿಗಾಳಿಯ ಮಿತಿಯನ್ನು 40 ಡಿಗ್ರಿಗೆ ಇಟ್ಟು ಕರಾವಳಿಗೆ 37ಕ್ಕೆ ಇಟ್ಟದ್ದು ಸುಮ್ಮನೆ ಅಲ್ಲ. ಎಳೆಯ ಸಸಿಗಳಿಗೆ ನೆರಳು ಬೇಕಿರುವುದು ಈ ದಿನಗಳಲ್ಲಿ. ಅದಕ್ಕೆ ಪಡುವಣ ಬದಿಗೆ ಒಂದೆರಡು ಅಡಿಕೆ ಸೋಗೆಯನ್ನೋ ತೆಂಗಿನ ಗರಿಯನ್ನೋ ಊರಿದರೆ ಸಾಕು.

ನೀರಿನ ವಿಷಯಕ್ಕೆ ಬಂದರೆ ನನಗೆ ಸಿಟ್ಟೇ ಬರುತ್ತದೆ. ಮಧ್ಯಾಹ್ನ ಸೌತೆ, ಕುಂಬಳದ ಎಲೆ ಜೋತುಬಿದ್ದದ್ದು ಕಂಡ ಕೂಡಲೇ ಪೈಪು ಹಿಡಿದು ಓಡುವವರಿದ್ದಾರೆ. ಅಗಲ ಎಲೆಯಿಂದ ನೀರು ಆವಿಯಾಗುವ ವೇಗಕ್ಕೆ ಬೇರು ಸರಿಗಟ್ಟಲಾರದೆ ಎಲೆ ಬಾಡುತ್ತದೆ, ಬಿಸಿಲು ಇಳಿದ ಮೇಲೆ ತಾನಾಗಿ ಎದ್ದು ನಿಲ್ಲುತ್ತದೆ. ಬೆಳಿಗ್ಗೆ ನೋಡಿದಾಗಲೂ ಬಾಡಿಯೇ ಇದ್ದರೆ ಚಿಂತಿಸಬೇಕು. ಆಗಲೂ ಮೊದಲು ಬೆರಳನ್ನು ಮಣ್ಣಿಗೆ ಊರಿ ನೋಡಿ. ಮಣ್ಣು ಒದ್ದೆಯಿದ್ದೂ ಬದನೆ ಅಥವಾ ಟೊಮೆಟೊ ಹಸಿರು ಎಲೆಯೊಂದಿಗೇ ಕುಸಿಯುತ್ತಿದ್ದರೆ ಅದು ದುಂಡಾಣು ಸೊರಗು ರೋಗವಿರಬಹುದು. ಕಾಂಡದ ತುಂಡೊಂದನ್ನು ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ನಿಲ್ಲಿಸಿ. ಕತ್ತರಿಸಿದ ತುದಿಯಿಂದ ಹಾಲಿನಂಥ ಎಳೆ ಇಳಿದರೆ ಅನುಮಾನವೇ ಬೇಡ. ನಮ್ಮ ಹುಳಿ ಮಣ್ಣು, ಬೆಚ್ಚನೆಯ ತೇವ ಆ ರೋಗಕ್ಕೆ ಹಬ್ಬ. ಹೊತ್ತು ಹೊತ್ತಿಗೂ ನೀರು ಹನಿಸುವವರು ಆ ಹಬ್ಬಕ್ಕೆ ಅಡುಗೆ ಮಾಡಿ ಬಡಿಸುತ್ತಿದ್ದಾರೆ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಈ ರೋಗವನ್ನು ತಡೆದುಕೊಳ್ಳುವ ತಳಿ, ನಿಜ. ಆದರೆ ಅದಕ್ಕೂ ತಂಪು ರಾತ್ರಿಯೇ ಬೇಕು. ನೆಡಲೇಬೇಕೆಂದರೆ ಅಕ್ಟೋಬರ್, ನವೆಂಬರ್‌ನಲ್ಲಿ ನೆಟ್ಟು ಸೆಕೆ ಏರುವ ಮೊದಲೇ ಕೊಯ್ದು ಮುಗಿಸಿ. ಇಲ್ಲೇ ಪಕ್ಕದ ಅಳ್ವೇಕೋಡಿ, ವನ್ನಳ್ಳಿಯವರ ಸಿಹಿ ಈರುಳ್ಳಿಯೂ ಭತ್ತದ ಕೊಯ್ಲಾದ ಮೇಲೆ ನೆಲಕ್ಕಿಳಿದು, ಬೇಸಿಗೆಯಲ್ಲಿ ಹೆದ್ದಾರಿ ಪಕ್ಕ ಗೊಂಚಲಾಗಿ ನೇತಾಡುತ್ತದೆ. ಅವರಿಗೆ ಗೊತ್ತಿರುವ ಲೆಕ್ಕ ನಮಗೆ ಯಾಕೆ ಗೊತ್ತಾಗುವುದಿಲ್ಲವೋ!

ಗೋಕರ್ಣದ ಕಡೆಯಿಂದ ಪೇಟೆಗೆ ಸೊಪ್ಪು ತರುವ ಹಾಲಕ್ಕಿ ಸಮುದಾಯದ ಅಜ್ಜಿಯೊಬ್ಬರನ್ನು, "ನೀವೇಕೆ ಟೊಮೆಟೊ ಬೆಳೆಯುವುದಿಲ್ಲ ಅಜ್ಜೀ?" ಎಂದು ಕೇಳಿದ್ದೆ. "ಅದು ಘಟ್ಟದ ಮೇಲಿನವರ ಕಾಯಿ ತಂಗೀ, ಲಾರಿಯಲ್ಲಿ ಬರುತ್ತದೆ. ನನ್ನ ಬುಟ್ಟಿಯಲ್ಲಿ ಇರುವುದನ್ನು ನೋಡು" ಎಂದರು. ಬುಟ್ಟಿಯಲ್ಲಿ ಕೆಂಪು ಹರಿವೆ, ಬಸಳೆ, ಅಲಸಂದೆ, ಬೆಂಡೆ. ಮರಳು ನೆಲದಲ್ಲಿ, ಕೊಡದಲ್ಲಿ ನೀರು ಹೊತ್ತು ಹಾಕಿ ಬೆಳೆದದ್ದು.

ಆ ಬುಟ್ಟಿಯೇ ನನ್ನ ವಾದ. ಹರಿವೆ ಜೋಳ, ಮೆಕ್ಕೆಜೋಳಗಳ ಹಾಗೆ ಕಡು ಬಿಸಿಲಿನಲ್ಲೂ ಕಡಿಮೆ ನೀರಿನಲ್ಲಿ ಆಹಾರ ತಯಾರಿಸಿಕೊಳ್ಳುವ ಜಾತಿಯದು. ಓಳಿ ಮಾಡಿ ಬೀಜ ಉದುರಿಸಿದರೆ ತಿಂಗಳೊಳಗೆ ಸಾರಿಗೆ ಬರುತ್ತದೆ. ಬಸಳೆಗೆ ಬಚ್ಚಲ ನೀರೇ ಸಾಕು, ಹಿಂದಿನವರು ಬಚ್ಚಲ ಹಿಂದೆಯೇ ಚಪ್ಪರ ಹಾಕುತ್ತಿದ್ದದ್ದು ಅದಕ್ಕೇ. ಹಾಲುಬೆಂಡೆಗೆ ಬಿಸಿಲೆಂದರೆ ಪ್ರಾಣ. ಮೊಗೆಕಾಯಿ, ಅಂದರೆ ಮಂಗಳೂರು ಸೌತೆಯಂತೂ ಬೇಸಿಗೆಯ ಗದ್ದೆಯಲ್ಲಿ ಹಬ್ಬಿ, ಬಲಿತು, ಬಾಳೆ ನಾರಿನಲ್ಲಿ ಕಟ್ಟಿ ಜಂತಿಗೆ ತೂಗುಹಾಕಿದರೆ ಮಳೆಗಾಲದ ಹುಳಿಗೆ ಒದಗುತ್ತದೆ. ಎಳೆ ಹಲಸು, ನುಗ್ಗೆ ಒಂದು ಕೊಡ ನೀರನ್ನೂ ಕೇಳುವುದಿಲ್ಲ. ಇಷ್ಟಿದ್ದೂ ಹಿತ್ತಿಲಲ್ಲಿ ಬೇಸಿಗೆಗೆ ಏನೂ ಆಗುವುದಿಲ್ಲ ಎನ್ನುವವರ ಮಾತು ನನಗೆ ಅರ್ಥವಾಗುವುದಿಲ್ಲ.

ದರಕು, ಅಂದರೆ ಉದುರಿದ ಒಣ ಎಲೆ ಸುಡುವವರ ಬಗ್ಗೆ ಹೇಳದಿದ್ದರೆ ಈ ಬರಹ ಪೂರ್ತಿಯಾಗದು. ಮಾವು, ಹಲಸು, ಗೇರಿನ ಎಲೆ ಗುಡಿಸಿ ಮೂಲೆಯಲ್ಲಿ ಬೆಂಕಿಯಿಟ್ಟು, ಒಂದು ತಾಸಿನ ಮೇಲೆ ಅದೇ ಹಿತ್ತಿಲಿನ ಬೆತ್ತಲೆ ಮಣ್ಣಿಗೆ ನೀರು ಬಿಡುತ್ತಾರೆ. ಶಿರಸಿಯ ನನ್ನ ಅತ್ತಿಗೆ ಇಲ್ಲಿಗೆ ಬಂದಾಗಲೆಲ್ಲ ಆ ಹೊಗೆ ನೋಡಿ ಹಣೆ ಚಚ್ಚಿಕೊಳ್ಳುತ್ತಾರೆ. ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು, ದರಕು ತರುವ ಕಾಡಿನ ಹಕ್ಕು ಇರುವ ಸೀಮೆಯವರು ಅವರು, ಎಲೆಯ ಬೆಲೆ ಗೊತ್ತು. ಗಿಡದ ಬುಡಕ್ಕೆ ದಪ್ಪಗೆ ದರಕು ಹಾಸಿದರೆ ಚಿರೆಕಲ್ಲಿನ ಮಣ್ಣು ಕಾಯುವುದಿಲ್ಲ, ದಿನ ಬಿಟ್ಟು ದಿನ ನೀರು ಹಾಕಿದರೂ ನಡೆಯುತ್ತದೆ. ಒರಲೆ (ಗೆದ್ದಲು) ಬರುತ್ತದೆ ಎಂಬ ತಕರಾರು ಸುಳ್ಳಲ್ಲ. ಬುಡದಿಂದ ನಾಲ್ಕು ಬೆರಳು ಬಿಟ್ಟು ಹಾಸಿ, ಅದರ ಪಾಡಿಗೆ ಅದು ಒಣಗಿದ್ದನ್ನು ತಿಂದುಕೊಳ್ಳಲಿ.

ನಿಮ್ಮ ಹಿತ್ತಿಲು, ನಿಮ್ಮ ಟೊಮೆಟೊ, ನನಗೇನು ಎಂದು ಸುಮ್ಮನಿರಬಹುದಿತ್ತು. ಆದರೆ ನೀರು ಒಬ್ಬರದ್ದಲ್ಲ. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುವ ಊರಿದು, ಆದರೂ ಹೆಚ್ಚಿನದು ನಾಲ್ಕು ತಿಂಗಳಲ್ಲಿ ಬಂದು ಹಳ್ಳ ಹಿಡಿದು ಕಡಲು ಸೇರುತ್ತದೆ. ಅಘನಾಶಿನಿ ನದಿ ಕಡಲು ಸೇರುವ ಅಳಿವೆಯ ಹತ್ತಿರದ ಬಾವಿಗಳಲ್ಲಿ ಬೇಸಿಗೆಯಲ್ಲಿ ಪಂಪು ಎಳೆದಷ್ಟೂ ಸಿಹಿನೀರು ಕೆಳಗಿಳಿದು ಉಪ್ಪುನೀರು ಒಳಗೆ ನುಗ್ಗುತ್ತದೆ. ಆ ನೀರು ಬಿದ್ದರೆ ಮೊದಲು ಸೊರಗುವುದು ಬೀನ್ಸ್‌ನಂಥ ಗಿಡಗಳು, ಆಮೇಲೆ ಉಳಿದವು. ಕಾಯಿಯೇ ಬಿಡದ ಟೊಮೆಟೊಗೆ ನೀವು ಎಳೆದ ನೀರಿನಿಂದ ಪಕ್ಕದ ಮನೆಯವರ ಕುಡಿಯುವ ನೀರು ಉಪ್ಪಾಗುತ್ತಿದ್ದರೆ, ಅದನ್ನು ಹವ್ಯಾಸ ಎನ್ನಲು ನನಗೆ ಮನಸ್ಸಿಲ್ಲ.

ಹಾಲುಬೆಂಡೆ ಮತ್ತು ಕೆಂಪು ಹರಿವೆಯ ಬೀಜ ಬೂದಿಯಲ್ಲಿ ಹೊರಳಿಸಿ ತೆಗೆದಿಟ್ಟಿದ್ದೇನೆ. ಬೇಕಾದವರು ಮನೆಗೆ ಬಂದು ಒಯ್ಯಬಹುದು. ಬೆಳೆದ ಮೇಲೆ ಒಂದೆರಡು ಗಿಡವನ್ನು ಬೀಜಕ್ಕೆ ಬಿಟ್ಟು, ಮುಂದಿನ ವರ್ಷ ಇನ್ನೊಬ್ಬರಿಗೆ ಕೊಡಬೇಕು, ಅಷ್ಟೇ ಷರತ್ತು.