ನೋವಿಲ್ಲದ ಬುದ್ಧಿಹಲ್ಲು ಮತ್ತು ಸಿಸ್ಟ್: ಒಂದು ಸ್ಪಷ್ಟನೆ

"ಬುದ್ಧಿಹಲ್ಲು ನೋಯದಿದ್ದರೆ ಚಿಂತೆಯಿಲ್ಲ, ಸಿಸ್ಟ್ ಆದರೂ ಆಂಟಿಬಯೋಟಿಕ್‌ಗೆ ಕರಗುತ್ತದೆ" ಎಂಬ ಸಂದೇಶ ಹರಿದಾಡುತ್ತಿದೆ. ಎರಡೂ ಮಾತು ತಪ್ಪು.

ಸಿಸ್ಟ್ ಎಂದರೆ ಒಳಪದರವಿರುವ ಚೀಲ. ಮಾತ್ರೆ ಸೋಂಕನ್ನು, ಅದರಿಂದಾದ ಊತವನ್ನು ಇಳಿಸಬಹುದು. ಆದರೆ ಆ ಪದರ ಅಲ್ಲೇ ಉಳಿಯುತ್ತದೆ. ಊತ ಇಳಿದದ್ದನ್ನೇ ಗುಣವಾಯಿತೆಂದು ನಂಬಿ ಕೂತವರ ದವಡೆಮೂಳೆ ಒಳಗೊಳಗೇ ಸವೆಯುತ್ತದೆ. ನೋವು ಬರುವುದು ಬಹುಪಾಲು ಸೋಂಕು ತಗುಲಿದ ಮೇಲೆ, ಕೆಲವೊಮ್ಮೆ ಮೂಳೆ ಮುರಿದ ಮೇಲೆ.

ಎಲ್ಲ ಸಿಸ್ಟ್ ಒಂದೇ ಅಲ್ಲ. ಹುಟ್ಟದೆ ಮೂಳೆಯೊಳಗೇ ಉಳಿದ ಹಲ್ಲಿನ ತಲೆಭಾಗವನ್ನು ಸುತ್ತಿಕೊಂಡು ಬೆಳೆಯುವುದು ಡೆಂಟಿಜೆರಸ್ ಸಿಸ್ಟ್. ಎಕ್ಸ್‌ರೇಯಲ್ಲಿ ಹಲ್ಲಿನ ಸುತ್ತ 2-3 ಮಿ.ಮೀ. ಕಪ್ಪು ಅಂಚು ಸಹಜ; 5 ಮಿ.ಮೀ. ದಾಟಿದರೆ ಅನುಮಾನಿಸಲೇಬೇಕು. ರ್‍ಯಾಡಿಕ್ಯುಲರ್ ಸಿಸ್ಟ್ ಹುಳುಕು ಹಿಡಿದು ಸತ್ತ ಹಲ್ಲಿನ ಬೇರಿನ ತುದಿಯಲ್ಲಿ ಆಗುವಂಥದ್ದು. ಚಿಕ್ಕದಿದ್ದರೆ ರೂಟ್ ಕೆನಾಲ್‌ನಿಂದಲೇ ವಾಸಿಯಾಗಬಹುದು. ಹೆಚ್ಚು ಕಾಡುವುದು ಕೆರಟೋಸಿಸ್ಟ್. ಮುಖ ಉಬ್ಬಿಸದೆ ಮೂಳೆಯ ಉದ್ದಕ್ಕೂ ಹಬ್ಬುತ್ತದೆ, ತೆಳು ಪದರದ ಚೂರು ಉಳಿದರೂ ಮತ್ತೆ ಬೆಳೆಯುತ್ತದೆ. ಹಾಗಾಗಿ ತೆಗೆಸಿದ ಮೇಲೂ ವರ್ಷಗಟ್ಟಲೆ ಎಕ್ಸ್‌ರೇ ತಪಾಸಣೆ ಬೇಕು.

ಇವುಗಳನ್ನು ಕಣ್ಣಂದಾಜಿನಲ್ಲಿ ಬೇರ್ಪಡಿಸಲಾಗದು. ತೆಗೆದ ಚೀಲವನ್ನು ಬಯಾಪ್ಸಿಗೆ (ಸೂಕ್ಷ್ಮದರ್ಶಕದಡಿ ಪರೀಕ್ಷೆಗೆ) ಕಳಿಸಿದ್ದಾರೆಯೇ ಎಂದು ದಯವಿಟ್ಟು ಕೇಳಿ. ಬಯಾಪ್ಸಿ ಎಂದಾಕ್ಷಣ ಕ್ಯಾನ್ಸರ್ ಎಂದು ಹೆದರಬೇಡಿ. ಹೆಚ್ಚಿನವು ಕ್ಯಾನ್ಸರ್ ಅಲ್ಲ.

ಹಾಗೆಂದು ಎಲ್ಲರೂ ಬುದ್ಧಿಹಲ್ಲು ಕೀಳಿಸಬೇಕಿಲ್ಲ. ನೇರವಾಗಿ ಹುಟ್ಟಿ, ಬ್ರಷ್ ತಲುಪುವಂತಿದ್ದರೆ ಇರಲಿ. ಹುಟ್ಟದೇ ಉಳಿದಿದ್ದರೆ ಮಾತ್ರ ಒಂದು ಒಪಿಜಿ (ಇಡೀ ದವಡೆ ಒಂದೇ ಚಿತ್ರದಲ್ಲಿ ಕಾಣುವ) ಎಕ್ಸ್‌ರೇ ತೆಗೆಸಿ, ಮುಂದಿನದು ಯಾವಾಗ ಎಂದು ದಂತವೈದ್ಯರಿಂದ ಬರೆಸಿಕೊಳ್ಳಿ.